ಕಡ್ಡಾಯ ಶಿಕ್ಷಣಕ್ಕಾಗಿ ವಾದಿಸಿದ ಗೋಪಾಲಕೃಷ್ಣ ಗೋಖಲೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಶಾಲೆಗಾಗಿ ದುಡಿದ ಊರ ಹಿರಿಯರನ್ನು, ಕಟ್ಟಡಕ್ಕಾಗಿ ಓಡಾಡಿದವರನ್ನು, ಇಲ್ಲಿ ಪಾಠ ಹೇಳಿದ ಗುರುಗಳನ್ನು ನಾವೆಲ್ಲ ನೆನೆಯುತ್ತಿದ್ದೇವೆ. ಅವರ ಸಾಲಿನಲ್ಲಿಯೇ ಇನ್ನೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ನನಗೆ ತೋರುತ್ತದೆ. ಅವರು ನಮ್ಮೂರಿನವರಲ್ಲ. ಈ ಶಾಲೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ಆದರೆ ಬಡವರ ಮಕ್ಕಳೂ ಸೇರಿದಂತೆ ಎಲ್ಲ ಮಕ್ಕಳಿಗೂ ಅಕ್ಷರ ಕಲಿಸುವುದು ಸರ್ಕಾರದ ಹೊಣೆ ಎಂಬ ಮಾತನ್ನು ದೇಶದ ಅತಿ ದೊಡ್ಡ ಶಾಸನ ಸಭೆಯಲ್ಲಿ ಮಸೂದೆಯ ರೂಪದಲ್ಲಿ ತಂದು ನಿಲ್ಲಿಸಿದವರು ಅವರೇ. ಅವರ ಹೆಸರು ಗೋಪಾಲಕೃಷ್ಣ ಗೋಖಲೆ. ಗಾಂಧೀಜಿಯವರ ರಾಜಕೀಯ ಗುರು ಎಂದು ಪಠ್ಯಪುಸ್ತಕದಲ್ಲಿ ಒಂದು ಸಾಲು ಓದಿ, ಪರೀಕ್ಷೆಯಲ್ಲಿ ಒಂದು ಅಂಕ ಪಡೆದು ನಾವು ಮರೆತುಬಿಟ್ಟ ಹೆಸರು.

ಗೋಖಲೆಯವರು 1866ರ ಮೇ 9ರಂದು ಕೊಂಕಣದ ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ಈಗಿನ ನಮ್ಮ ನಿಪ್ಪಾಣಿಯ ಆಚೆಗಿರುವ ಕಾಗಲ್‌ನಲ್ಲಿ ಸಣ್ಣ ನೌಕರಿಯಲ್ಲಿದ್ದರು. ಗೋಪಾಲನಿಗೆ ಹದಿಮೂರು ವರ್ಷವಾಗಿದ್ದಾಗ, 1879ರಲ್ಲಿ, ತಂದೆ ತೀರಿಕೊಂಡರು. ಆಗ ಅಣ್ಣ ಗೋವಿಂದರಾಯನಿಗೆ ಹದಿನೆಂಟು ವರ್ಷ. ಆತ ತನ್ನ ಓದನ್ನು ಅಲ್ಲಿಗೇ ನಿಲ್ಲಿಸಿ ತಿಂಗಳಿಗೆ 15 ರೂಪಾಯಿಯ ಕೆಲಸಕ್ಕೆ ಸೇರಿದ. ಅದರಲ್ಲಿ 8 ರೂಪಾಯಿಯನ್ನು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳಿಸಿ, ಉಳಿದ 7 ರೂಪಾಯಿಯಲ್ಲಿ ಮನೆ ನಡೆಸಿದ. ತಮ್ಮ ಕಾಲೇಜು ಸೇರುವ ಹೊತ್ತಿಗೆ ಕೈಯಲ್ಲಿ ಹಣವಿರಲಿಲ್ಲ. ಅತ್ತಿಗೆ ತನ್ನ ಮೈಮೇಲಿನ ಒಡವೆಯನ್ನೇ ಕೊಡಲು ಮುಂದಾದರು. ಹುಡುಗ ಬೀದಿದೀಪದ ಬೆಳಕಿನಲ್ಲಿ ಓದಿದ. ಹಣ ಉಳಿಸಲು ಎಷ್ಟೋ ಸಲ ಒಪ್ಪೊತ್ತು ಉಂಡ. 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪಾಸಾದಾಗ ಅವರಿಗೆ ಹದಿನೆಂಟು ವರ್ಷ. ಒಬ್ಬ ಬಡ ಹುಡುಗ ಓದಬೇಕಾದರೆ ಮನೆಯಲ್ಲಿ ಇನ್ನೊಬ್ಬರು ತಮ್ಮ ಓದನ್ನು ಬಿಡಬೇಕಾಗುತ್ತದೆ ಎಂಬುದನ್ನು ಗೋಖಲೆಯವರು ಸ್ವಂತ ಮನೆಯಲ್ಲಿಯೇ ಕಂಡಿದ್ದರು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಗಿನ ಕಾಲಕ್ಕೆ ಬಿ.ಎ. ಪಾಸಾದವನಿಗೆ ಸರ್ಕಾರಿ ಹುದ್ದೆ ಸಿಗುತ್ತಿತ್ತು; ವಕೀಲಿ ಮಾಡಿದರೆ ಹಣ ಬರುತ್ತಿತ್ತು. ಗೋಖಲೆಯವರು ಎರಡನ್ನೂ ಬಿಟ್ಟು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಶಿಕ್ಷಕರಾದರು. ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರಾಗಿ, ಕಡಿಮೆ ಸಂಬಳಕ್ಕೆ ಇಪ್ಪತ್ತು ವರ್ಷ ಪಾಠ ಹೇಳುವೆನೆಂದು ಮಾತು ಕೊಟ್ಟರು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ ಹೀಗೆ ಯಾವ ವಿಷಯಕ್ಕೆ ಅಧ್ಯಾಪಕರಿಲ್ಲವೋ ಅದನ್ನು ತಾವು ಓದಿಕೊಂಡು ಬಂದು ಕಲಿಸುತ್ತಿದ್ದರು. ಅವರು ಬರೆದ ಅಂಕಗಣಿತದ ಪುಸ್ತಕ ಬಹುಕಾಲ ಶಾಲೆಗಳಲ್ಲಿ ನಡೆಯಿತು.

ಪುಣೆಯಲ್ಲಿ ಅವರಿಗೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪರಿಚಯವಾಯಿತು. ರಾನಡೆಯವರು ಈ ತರುಣನನ್ನು ಶಿಷ್ಯನಾಗಿ ತೆಗೆದುಕೊಂಡು ಸರ್ಕಾರದ ವರದಿಗಳನ್ನು ಓದುವುದು, ಜಮಾಖರ್ಚಿನ ಲೆಕ್ಕವನ್ನು ಸೋಸಿ ನೋಡುವುದು, ಒಂದು ಅರ್ಜಿಯನ್ನು ಹತ್ತು ಸಲ ತಿದ್ದಿ ಬರೆಯುವುದು ಇವನ್ನೆಲ್ಲ ವರ್ಷಗಟ್ಟಲೆ ಕಲಿಸಿದರು. ಇನ್ನೊಬ್ಬ ಗುರು ಗಣೇಶ ವೆಂಕಟೇಶ ಜೋಶಿ. ಅವರು ಸೊಲ್ಲಾಪುರದ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ದೇಶದ ಕಂದಾಯ, ಸಾಲ, ಸೈನ್ಯದ ಖರ್ಚು ಇವುಗಳ ಅಂಕಿ ಅಂಶಗಳು ಅವರಿಗೆ ನಾಲಿಗೆಯ ತುದಿಯಲ್ಲಿದ್ದವು. ಗೋಖಲೆಯವರು ಶಾಸನ ಸಭೆಗೆ ಹೋದ ಮೇಲೂ ತಮ್ಮ ಭಾಷಣಕ್ಕೆ ಬೇಕಾದ ಲೆಕ್ಕಗಳಿಗಾಗಿ ಜೋಶಿಯವರಿಗೆ ಪತ್ರ ಬರೆಯುತ್ತಿದ್ದರು. ವೈಸರಾಯರ ಮುಂದೆ ನಿಂತು ಆಡಿದ ಮಾತುಗಳ ಹಿಂದೆ ಒಬ್ಬ ಶಾಲಾ ಮಾಸ್ತರರ ಶ್ರಮವೂ ಇತ್ತು ಎಂಬುದನ್ನು ಶಿಕ್ಷಕ ಬಂಧುಗಳು ಹೆಮ್ಮೆಯಿಂದ ನೆನೆಯಬಹುದು.

ಅಂಕಿ ಅಂಶಕ್ಕೆ ಅವರು ಇಷ್ಟು ಬೆಲೆ ಕೊಡಲು ಒಂದು ಕಹಿ ಅನುಭವವೂ ಕಾರಣ. 1897ರಲ್ಲಿ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಅವರು ಲಂಡನ್ನಿಗೆ ಹೋಗಿದ್ದರು. ಅದೇ ಸಮಯದಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ಮನೆ ಮನೆ ಶೋಧಿಸಲು ಬಂದ ಗೋರಾ ಸೈನಿಕರು ಜನರ ಮೇಲೆ ದೌರ್ಜನ್ಯ ನಡೆಸುತ್ತಿದ್ದಾರೆಂದು ಊರಿನಿಂದ ಪತ್ರಗಳು ಬಂದವು. ಗೋಖಲೆಯವರು ಅದನ್ನು ನಂಬಿ ಅಲ್ಲಿ ಬಹಿರಂಗವಾಗಿ ಹೇಳಿದರು. ಹಿಂದಿರುಗಿದ ಮೇಲೆ ಅದಕ್ಕೆ ಸಾಕ್ಷಿ ಒದಗಿಸಲು ಆಗಲಿಲ್ಲ. ಪತ್ರ ಬರೆದವರ ಹೆಸರು ಹೇಳಿ ಅವರನ್ನು ತೊಂದರೆಗೆ ಸಿಕ್ಕಿಸಲೂ ಮನಸ್ಸು ಬರಲಿಲ್ಲ. ಕೊನೆಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಸ್ವಂತ ಊರಿನವರೇ ಅವರನ್ನು ಹೇಡಿ ಎಂದು ಜರೆದರು. ಮೂವತ್ತೊಂದು ವರ್ಷದ ವ್ಯಕ್ತಿಗೆ ಇದು ದೊಡ್ಡ ಪೆಟ್ಟು. ಆದರೆ ಸಾರ್ವಜನಿಕ ಜೀವನವನ್ನು ಅವರು ಬಿಡಲಿಲ್ಲ. 1899ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನ ಸಭೆಗೆ ಆಯ್ಕೆಯಾದರು. 1902ರಿಂದ ವೈಸರಾಯರ ಶಾಸನ ಸಭೆಯಲ್ಲಿ ಮುಂಬಯಿ ಪ್ರಾಂತ್ಯದ ಪ್ರತಿನಿಧಿಯಾದರು. ಆಗ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿಯೇ ಇದ್ದುದರಿಂದ ಕನ್ನಡಿಗರಲ್ಲಿ ಒಂದು ದೊಡ್ಡ ಪಾಲಿಗೆ ಗೋಖಲೆಯವರೇ ಆ ಸಭೆಯಲ್ಲಿ ಪ್ರತಿನಿಧಿ.

ಆ ಸಭೆ ಇಂದಿನ ಸಂಸತ್ತಿನ ಹಾಗಿರಲಿಲ್ಲ. ವೈಸರಾಯರೇ ಅಧ್ಯಕ್ಷರು. ಸದಸ್ಯರಲ್ಲಿ ಹೆಚ್ಚಿನವರು ಅಧಿಕಾರಿಗಳು. ಸರ್ಕಾರ ಹೇಳಿದ ಕಡೆಗೆ ಕೈ ಎತ್ತಬೇಕಾದವರು. ಭಾರತೀಯ ಸದಸ್ಯರು ಬೆರಳೆಣಿಕೆಯಷ್ಟು. ಮುಂಗಡ ಪತ್ರದ ಮೇಲೆ ವರ್ಷಕ್ಕೊಮ್ಮೆ ಮಾತನಾಡಬಹುದಾಗಿತ್ತು, ಮತ ಹಾಕುವಂತಿರಲಿಲ್ಲ. ಪ್ರಶ್ನೆ ಕೇಳಬಹುದಾಗಿತ್ತು, ಉತ್ತರ ಕೇಳಿ ಮೇಲೊಂದು ಉಪಪ್ರಶ್ನೆ ಹಾಕುವಂತಿರಲಿಲ್ಲ. ಇಂಥ ಸಭೆಯಲ್ಲಿ ಮಾತನಾಡಿ ಏನು ಪ್ರಯೋಜನ ಎಂದು ಆಗಲೇ ಅನೇಕರು ಕೇಳುತ್ತಿದ್ದರು.

1902ರ ಮಾರ್ಚ್ 26ರಂದು ಗೋಖಲೆಯವರು ಮುಂಗಡ ಪತ್ರದ ಮೇಲೆ ತಮ್ಮ ಮೊದಲ ಭಾಷಣ ಮಾಡಿದರು. ಆ ವರ್ಷ ಸರ್ಕಾರದ ಖಜಾನೆಯಲ್ಲಿ 7 ಕೋಟಿ ರೂಪಾಯಿ ಉಳಿದಿತ್ತು. ಅದಕ್ಕಾಗಿ ಉಳಿದವರು ಹಣಕಾಸಿನ ಸದಸ್ಯರನ್ನು ಅಭಿನಂದಿಸಿದ್ದರು. ತಮ್ಮಿಂದ ಅಭಿನಂದಿಸಲು ಸಾಧ್ಯವಿಲ್ಲವೆಂದು ಗೋಖಲೆಯವರು ಎದ್ದು ನಿಂತರು. ಅವರ ಲೆಕ್ಕ ಹೀಗಿತ್ತು: ಭಾರತ ಸರ್ಕಾರ ಪ್ರತಿ ವರ್ಷ ಸಾಲದ ಬಡ್ಡಿ, ಪಿಂಚಣಿ ಮುಂತಾದವುಗಳಿಗೆ ಇಂಗ್ಲೆಂಡಿಗೆ ದೊಡ್ಡ ಮೊತ್ತವನ್ನು ಪೌಂಡುಗಳಲ್ಲಿ ಕಳಿಸಬೇಕಿತ್ತು. ರೂಪಾಯಿಯ ಬೆಲೆ 13 ಪೆನ್ಸಿಗೆ ಇಳಿದಾಗ, ಹೆಚ್ಚು ರೂಪಾಯಿ ಬೇಕಾಗಿದೆಯೆಂದು ಹೇಳಿ ಕರ ಏರಿಸಿದರು. ಮುಂದೆ ರೂಪಾಯಿ 16 ಪೆನ್ಸಿಗೆ ಏರಿತು, ಕಳಿಸಬೇಕಾದ ರೂಪಾಯಿ ಕಡಿಮೆಯಾಯಿತು. ಏರಿಸಿದ ಕರ ಮಾತ್ರ ಇಳಿಯಲಿಲ್ಲ. ಆದ್ದರಿಂದ ಖಜಾನೆಯಲ್ಲಿ ಉಳಿದ ಹಣ ಜನರ ಸುಭಿಕ್ಷದ ಗುರುತಲ್ಲ, ಅಗತ್ಯಕ್ಕಿಂತ ಹೆಚ್ಚು ವಸೂಲಿ ಮಾಡಿದ್ದರ ಗುರುತು. ಅದೂ ಎರಡೆರಡು ದೊಡ್ಡ ಬರಗಾಲಗಳು ದೇಶವನ್ನು ತಿಂದುಹಾಕಿದ ವರ್ಷಗಳಲ್ಲಿ.

ಎಲ್ಲಕ್ಕಿಂತ ಮೊದಲು ಉಪ್ಪಿನ ಕರ ಇಳಿಸಿ ಎಂದು ಅವರು ಕೇಳಿದರು. ಆಗ ಒಂದು ಮಣ ಉಪ್ಪಿಗೆ ಎರಡೂವರೆ ರೂಪಾಯಿ ಕರ. ಸಾಹುಕಾರನ ಮನೆಗೂ ಕೂಲಿಯವನ ಮನೆಗೂ ಉಪ್ಪು ಒಂದೇ ಅಳತೆಯಲ್ಲಿ ಬೇಕು. ಹಾಗಾಗಿ ಈ ಕರದ ಭಾರ ಬಡವನ ಮೇಲೆಯೇ ಹೆಚ್ಚು. ಮರುವರ್ಷವೇ, 1903ರಲ್ಲಿ, ಸರ್ಕಾರ ಅದನ್ನು ಎರಡು ರೂಪಾಯಿಗೆ ಇಳಿಸಿತು. ವರ್ಷಕ್ಕೆ 500 ರೂಪಾಯಿ ವರಮಾನವಿದ್ದವರಿಗೇ ಬೀಳುತ್ತಿದ್ದ ಆದಾಯ ತೆರಿಗೆಯ ಮಿತಿಯನ್ನೂ ಆಗ 1000 ರೂಪಾಯಿಗೆ ಏರಿಸಲಾಯಿತು. ಗೋಖಲೆಯವರು ಅಲ್ಲಿಗೆ ಬಿಡಲಿಲ್ಲ. ಕರ ಇಳಿದಂತೆ ಉಪ್ಪಿನ ಬಳಕೆ ಹೆಚ್ಚಿದ್ದನ್ನು ಸರ್ಕಾರದ ಅಂಕಿಗಳಿಂದಲೇ ತೋರಿಸಿ ವರ್ಷ ವರ್ಷವೂ ಅದೇ ವಿಷಯ ಎತ್ತಿದರು. 1905ರಲ್ಲಿ ಕರ ಒಂದೂವರೆ ರೂಪಾಯಿಗೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. ಮತವಿಲ್ಲದ ಸಭೆಯಲ್ಲಿಯೂ ಮಾತಿಗೆ ಬೆಲೆಯುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಲ್ಲದರಲ್ಲಿಯೂ ಅವರು ಗೆದ್ದರೆಂದು ಹೇಳುವಂತಿಲ್ಲ. ಪತ್ರಿಕೆಗಳ ಬಾಯಿ ಕಟ್ಟುವ ಸರ್ಕಾರಿ ರಹಸ್ಯಗಳ ಮಸೂದೆಯನ್ನು ಅವರು ವಿರೋಧಿಸಿದರು. ವಿಶ್ವವಿದ್ಯಾನಿಲಯಗಳನ್ನು ಸರ್ಕಾರದ ಹಿಡಿತಕ್ಕೆ ತರುವ 1904ರ ಮಸೂದೆಯ ವಿರುದ್ಧ ಕಲಮು ಕಲಮಾಗಿ ವಾದಿಸಿದರು. ಎರಡೂ ಪಾಸಾದವು. ಆದರೆ ಅವರು ಕೂಗಾಡಿದವರಲ್ಲ, ಎದುರಾಳಿಯನ್ನು ಹಳಿದವರಲ್ಲ. ಅವರ ವಾದದ ಏಟು ತಿಂದ ವೈಸರಾಯ್ ಕರ್ಜನ್ನರೂ ಅವರ ಯೋಗ್ಯತೆಯನ್ನು ಮನಸಾರೆ ಒಪ್ಪಿಕೊಂಡಿದ್ದರು.

1905ರಲ್ಲಿ ಅವರು ಬನಾರಸಿನಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಅದೇ ವರ್ಷ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. 1909ರ ಸುಧಾರಣೆಯ ನಂತರ ಶಾಸನ ಸಭೆ ದೊಡ್ಡದಾಯಿತು. ಸದಸ್ಯರು ನಿರ್ಣಯ ಮಂಡಿಸಿ ಮತಕ್ಕೆ ಹಾಕಲು ಅವಕಾಶ ಸಿಕ್ಕಿತು. ಆದರೂ ಅಧಿಕಾರಿಗಳ ಬಹುಮತ ಹಾಗೆಯೇ ಉಳಿಯಿತು. ಈ ಹೊಸ ಅವಕಾಶವನ್ನು ಗೋಖಲೆಯವರು ಮೊದಲು ಬಳಸಿದ್ದು ಹಡಗು ಹತ್ತಿ ಹೋದ ಬಡ ಕೂಲಿಗಳಿಗಾಗಿ. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಭಾರತದ ಹಳ್ಳಿಗರನ್ನು ದಕ್ಷಿಣ ಆಫ್ರಿಕಾದ ನಟಾಲ್, ಫಿಜಿ ಮುಂತಾದ ಕಡೆಯ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. ಕರಾರು ಮುರಿದರೆ ಜೈಲು. ನಟಾಲಿಗೆ ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸಬೇಕೆಂದು 1910ರ ಫೆಬ್ರವರಿಯಲ್ಲಿ ಅವರು ತಂದ ನಿರ್ಣಯವನ್ನು ಸರ್ಕಾರ ಒಪ್ಪಿತು. 1911ರ ಜುಲೈಯಿಂದ ಅದು ನಿಂತಿತು. ಎಲ್ಲ ದೇಶಗಳಿಗೂ ಈ ಪದ್ಧತಿಯನ್ನು ರದ್ದು ಮಾಡಿ ಎಂದು 1912ರ ಮಾರ್ಚಿನಲ್ಲಿ ಕೇಳಿದಾಗ 22 ಮತಗಳು ಪರವಾಗಿ, 33 ವಿರುದ್ಧವಾಗಿ ಬಿದ್ದವು. ಐದು ವರ್ಷಗಳ ನಂತರ, 1917ರಲ್ಲಿ, ಆ ಸಾಗಾಟ ನಿಂತಿತು. ಅದನ್ನು ನೋಡಲು ಗೋಖಲೆಯವರು ಬದುಕಿರಲಿಲ್ಲ.

ಈಗ ನಮ್ಮ ಶಾಲೆಗೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಐದರಲ್ಲಿ ನಾಲ್ಕು ಹಳ್ಳಿಗಳಿಗೆ ಶಾಲೆಯಿಲ್ಲ, ನಾಲ್ವರು ಹುಡುಗರಲ್ಲಿ ಮೂವರು ಶಿಕ್ಷಣವಿಲ್ಲದೆ ಬೆಳೆಯುತ್ತಿದ್ದಾರೆ, ನಲವತ್ತು ಹುಡುಗಿಯರಲ್ಲಿ ಒಬ್ಬಳು ಮಾತ್ರ ಶಾಲೆ ಕಂಡಿದ್ದಾಳೆ ಎಂದು 1901ರಲ್ಲಿ ಕರ್ಜನ್ನರೇ ಒಪ್ಪಿಕೊಂಡಿದ್ದರು. 1911ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಜನ. ಆದರೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿಯೇ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿ ಉಚಿತವಾಗಿ ಕೊಟ್ಟಿದ್ದರು. ಒಬ್ಬ ದೇಶೀಯ ರಾಜನಿಗೆ ಸಾಧ್ಯವಾದದ್ದು ಬ್ರಿಟಿಷ್ ಸರ್ಕಾರಕ್ಕೆ ಏಕೆ ಸಾಧ್ಯವಿಲ್ಲ ಎಂಬುದು ಗೋಖಲೆಯವರ ಪ್ರಶ್ನೆ. 1910ರ ಮಾರ್ಚಿನಲ್ಲಿ ಈ ಬಗ್ಗೆ ನಿರ್ಣಯ ತಂದರು. ಸರ್ಕಾರ ಪರಿಶೀಲಿಸುವುದಾಗಿ ಹೇಳಿದ್ದರಿಂದ ಅದನ್ನು ಹಿಂದೆಗೆದುಕೊಂಡರು. ಒಂದು ವರ್ಷ ಕಾದು, 1911ರ ಮಾರ್ಚ್ 16ರಂದು ತಾವೇ ಮಸೂದೆ ಮಂಡಿಸಿದರು.

ಅವರು ಕೇಳಿದ್ದು ಬಹಳ ಕಡಿಮೆ. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ನಾಲ್ಕು ವರ್ಷದ ಓದು ಕಡ್ಡಾಯವಾಗಲಿ. ಹೆಣ್ಣುಮಕ್ಕಳಿಗೆ ಮುಂದೆ ವಿಸ್ತರಿಸಬಹುದು. ಅದೂ ದೇಶಕ್ಕೆಲ್ಲ ಒಮ್ಮೆಲೇ ಅಲ್ಲ. ಯಾವ ಊರಿನಲ್ಲಿ ಈಗಾಗಲೇ ಮೂರನೆಯ ಒಂದು ಪಾಲು ಹುಡುಗರು ಶಾಲೆಗೆ ಬರುತ್ತಿದ್ದಾರೋ ಅಲ್ಲಿಯ ಪುರಸಭೆ ಅಥವಾ ಜಿಲ್ಲಾ ಮಂಡಳಿ ಬಯಸಿದರೆ, ಪ್ರಾಂತ್ಯ ಸರ್ಕಾರ ಒಪ್ಪಿದರೆ ಮಾತ್ರ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನವಿರುವವರ ಮಕ್ಕಳಿಗೆ ಫೀಜು ಬೇಡ. ಖರ್ಚಿನಲ್ಲಿ ಮೂರನೆಯ ಎರಡು ಪಾಲನ್ನು ಸರ್ಕಾರ ಕೊಡಲಿ, ಉಳಿದುದನ್ನು ಊರಿನವರು ಭರಿಸಲಿ. ಮಗುವನ್ನು ಶಾಲೆ ಬಿಡಿಸಿ ಕೂಲಿಗೆ ಇಟ್ಟುಕೊಂಡವರಿಗೆ ದಂಡ. ಇಷ್ಟೇ.

ಮಸೂದೆಯನ್ನು ಅಭಿಪ್ರಾಯಕ್ಕಾಗಿ ದೇಶಕ್ಕೆಲ್ಲ ಕಳಿಸಿದರು. ಕಾಂಗ್ರೆಸ್ ಬೆಂಬಲಿಸಿತು. ಆದರೆ ಅಧಿಕಾರಿಗಳು ಹಣವಿಲ್ಲ ಎಂದರು. ಜನರೇ ಮನಸ್ಸು ಮಾಡಿ ಬರಲಿ, ಕಡ್ಡಾಯ ಮಾಡಿದರೆ ದಂಗೆ ಎದ್ದಾರು ಎಂದರು. ಜಮೀನುದಾರರಿಗೆ ಬೇರೊಂದು ಚಿಂತೆ. ಆಳುಮಕ್ಕಳೆಲ್ಲ ಶಾಲೆಗೆ ಹೋದರೆ ದನ ಕಾಯುವವರು ಯಾರು, ಹೊಲಕ್ಕೆ ಇಳಿಯುವವರು ಯಾರು? ಸಭೆಯಲ್ಲಿ ಕುಳಿತಿದ್ದ ಭಾರತೀಯ ಶ್ರೀಮಂತರಲ್ಲಿಯೂ ಕೆಲವರು ಮಸೂದೆಯನ್ನು ವಿರೋಧಿಸಿದರು. 1912ರ ಮಾರ್ಚ್ 18 ಮತ್ತು 19ರಂದು ಚರ್ಚೆ ನಡೆಯಿತು. ಮದನ ಮೋಹನ ಮಾಳವೀಯ, ಮಹಮ್ಮದ್ ಅಲಿ ಜಿನ್ನಾ ಮೊದಲಾದವರು ಗೋಖಲೆಯವರ ಪರ ಮಾತನಾಡಿದರು. ಸಕ್ಕರೆ ಕಾಯಿಲೆಯಿಂದ ಬಳಲಿದ್ದ ಗೋಖಲೆಯವರು ಒಂದೊಂದು ಆಕ್ಷೇಪಣೆಗೂ ಸಮಾಧಾನವಾಗಿ ಉತ್ತರ ಕೊಟ್ಟರು. ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿ ಎಂಬುದಷ್ಟೇ ಆ ದಿನದ ಬೇಡಿಕೆ. ಪರವಾಗಿ 13 ಮತ, ವಿರುದ್ಧವಾಗಿ 38 ಮತ. ಮಸೂದೆ ಬಿದ್ದುಹೋಯಿತು.

ಈ ಫಲಿತಾಂಶ ಅವರಿಗೆ ಮೊದಲೇ ಗೊತ್ತಿತ್ತು. ಸೋಲುವ ಮತಕ್ಕಾಗಿ ಎರಡು ವರ್ಷ ದುಡಿದದ್ದೇಕೆ? ತಮ್ಮ ತಲೆಮಾರಿನ ಪಾಲಿಗೆ ಬಂದಿರುವುದು ಸೋಲಿನ ಮೂಲಕ ಸೇವೆ ಮಾಡುವ ಕೆಲಸ. ಗೆಲುವಿನ ಮೂಲಕ ಸೇವೆ ಮಾಡುವವರು ಮುಂದೆ ಬರುತ್ತಾರೆ ಎಂಬ ಭಾವನೆ ಅವರದು. ದೂರಿಲ್ಲದೆ, ಮುನಿಸಿಲ್ಲದೆ ಅವರು ಆ ಸೋಲನ್ನು ಒಪ್ಪಿಕೊಂಡರು. ಅದೇ ವರ್ಷ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಗಾಂಧಿಯವರ ಹೋರಾಟವನ್ನು ಕಣ್ಣಾರೆ ಕಂಡು ಬಂದರು. 1914ರಲ್ಲಿ ಸರ್ಕಾರ ಕೊಡಲು ಬಂದ ಸರ್ ಪದವಿಯನ್ನು ಬೇಡವೆಂದರು. 1915ರ ಫೆಬ್ರವರಿ 19ರಂದು, ನಲವತ್ತೊಂಬತ್ತು ತುಂಬುವ ಮೊದಲೇ, ಪುಣೆಯಲ್ಲಿ ನಿಧನರಾದರು. ಜೀವನವಿಡೀ ಅವರ ರಾಜಕೀಯವನ್ನು ವಿರೋಧಿಸಿದ್ದ ಲೋಕಮಾನ್ಯ ತಿಲಕರೇ ಸ್ಮಶಾನದಲ್ಲಿ ನಿಂತು ಅವರನ್ನು ಕೊಂಡಾಡಿದರು.

ಬಿದ್ದುಹೋದ ಆ ಮಸೂದೆ ಸಾಯಲಿಲ್ಲ. ನಮ್ಮ ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. 1918ರಲ್ಲಿ ವಿಠ್ಠಲಭಾಯಿ ಪಟೇಲರು ಅಂಥದೇ ಕಾಯಿದೆಯನ್ನು ಮುಂಬಯಿ ಪ್ರಾಂತ್ಯದ ಪುರಸಭೆಗಳಿಗೆ ತಂದರು. ಮುಂದಿನ ಕೆಲವೇ ವರ್ಷಗಳಲ್ಲಿ ಬೇರೆ ಪ್ರಾಂತ್ಯಗಳೂ ಅದೇ ದಾರಿ ಹಿಡಿದವು. ಸ್ವತಂತ್ರ ಭಾರತದ ಸಂವಿಧಾನ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣ ಕೊಡುವ ಗುರಿಯನ್ನು ಬರೆದಿಟ್ಟಿತು. 2002ರ ತಿದ್ದುಪಡಿ ಅದನ್ನು ಮಗುವಿನ ಮೂಲಭೂತ ಹಕ್ಕನ್ನಾಗಿ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗೋಖಲೆಯವರು ಮಸೂದೆ ಮಂಡಿಸಿದ ದಿನದಿಂದ ಅಲ್ಲಿಗೆ ತೊಂಬತ್ತೊಂಬತ್ತು ವರ್ಷ. ಕನ್ನಡ ನಾಡಿನಲ್ಲಿ ಅವರ ನೆನಪನ್ನು ಉಳಿಸಿದವರು ಡಿ.ವಿ. ಗುಂಡಪ್ಪನವರು. ಕನ್ನಡದಲ್ಲಿ ಗೋಖಲೆಯವರ ಜೀವನ ಚರಿತ್ರೆ ಬರೆದುದಲ್ಲದೆ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ.

ಊರಿನ ಬಂಧುಗಳೇ, ಕೊನೆಯದಾಗಿ ಒಂದು ಮಾತು. ಗೋಖಲೆಯವರು ಕೇಳಿದ್ದು ಹತ್ತು ವರ್ಷದವರೆಗಿನ ಶಿಕ್ಷಣ. ಈಗಿನ ಕಾಯಿದೆಯ ಕೈ ಹದಿನಾಲ್ಕು ವರ್ಷದವರೆಗೆ, ಅಂದರೆ ಎಂಟನೆಯ ತರಗತಿಯವರೆಗೆ ಚಾಚಿದೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳು ಅದರ ಆಚೆಗಿವೆ. ಪ್ರೌಢಶಾಲೆಯಾದ ನಮ್ಮದು ನಿಂತಿರುವುದು ಆ ಗಡಿಯ ಮೇಲೆಯೇ. ಎಂಟನೆಯ ತರಗತಿ ಮುಗಿದ ಹುಡುಗನನ್ನು ಕೆಲಸಕ್ಕೆ ಕಳಿಸುವ, ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಯೋಚನೆ ಬಂದಾಗ ತಡೆದು ಹೇಳಬೇಕಾದವರು ನಾವೇ: ತಂದೆ ತಾಯಿಗಳು, ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು. 15 ರೂಪಾಯಿಯಲ್ಲಿ 8 ರೂಪಾಯಿಯನ್ನು ತಮ್ಮನ ಓದಿಗೆ ಕಳಿಸಿದ ಆ ಅಣ್ಣನ ಜಾಗದಲ್ಲಿ ಇಂದು ನಮ್ಮಲ್ಲಿ ಯಾರಾದರೊಬ್ಬರು ನಿಂತರೆ ಒಂದು ಮಗುವಿನ ಓದು ಉಳಿಯುತ್ತದೆ. ನಮ್ಮ ಶಾಲೆ ನೂರರ ಹಬ್ಬ ಆಚರಿಸುವ ಹೊತ್ತಿಗೆ ಈ ಊರಿನಲ್ಲಿ ಹತ್ತನೆಯ ತರಗತಿ ಮುಗಿಸದ ಮಗು ಒಂದೂ ಇರದಿರಲಿ ಎಂದು ಹಾರೈಸುತ್ತೇನೆ.